ನೀರು ನೋಡೋಕೆ ಕೃಷಿ ಹೊಂಡ ಸಾಲದು

ಅರವತ್ತು ದಾಟಿದವರ ತಿರುಗಾಟದ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ಉತ್ತರ ಬರೆಯುವವಳು ನಾನು. ಶಿವಮೊಗ್ಗ ಬಸ್ ಸ್ಟ್ಯಾಂಡಿನ ರಿಸರ್ವೇಷನ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ಊರವರಿಗೆಲ್ಲ ಟಿಕೆಟ್ ಕೊಟ್ಟೆ. ರಿಟೈರ್ ಆದ ಮೇಲೆ ನನಗೂ ಒಂದು ತೆಗೆದುಕೊಳ್ಳೋಣ ಅನ್ನಿಸಿತು. ಈ ಸಲ ಮೂರು ಪತ್ರ, ಮೂರೂ ಅಂಡಮಾನಿನ ಕಡೆಗೇ ಮುಖ ಮಾಡಿವೆ.

ಪ್ರಶ್ನೆ: ನನಗೀಗ 66. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೆ, ಪೆನ್ಷನ್ ಬರುತ್ತದೆ. ‘ಸುತ್ತಲೂ ನೀರಿರುವ ಭೂಭಾಗವೇ ದ್ವೀಪ’ ಅಂತ ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಒಂದು ದ್ವೀಪವನ್ನೂ ನೋಡಿಲ್ಲ. ಎಂಟು ಹತ್ತು ದಿನ ಹೋಗಿ ಇದ್ದು ಬರಬೇಕು ಅಂತ ಆಸೆ. ನಮ್ಮ ಯಜಮಾನರು ಗಟ್ಟಿಮುಟ್ಟಾಗಿದ್ದಾರೆ, ಆದರೆ ತೋಟ ಬಿಟ್ಟು ಬರುವವರಲ್ಲ. ‘ನೀರು ನೋಡಬೇಕಾದರೆ ಕೃಷಿ ಹೊಂಡ ಇದೆಯಲ್ಲ’ ಅಂತಾರೆ. ಮಗ ಮಾಲ್ಡೀವ್ಸ್ ಅಂತಾನೆ, ತಂಗಿ ಲಕ್ಷದ್ವೀಪ ಅಂತಾಳೆ, ನನ್ನ ಮನಸ್ಸು ಅಂಡಮಾನ್ ಮೇಲಿದೆ. ಬಿಪಿ ಇದೆ, ಮಂಡಿ ನೋವಿದೆ, ಈಜು ಬರುವುದಿಲ್ಲ, ಮೀನು ಮಾಂಸ ತಿನ್ನುವುದಿಲ್ಲ. ಒಬ್ಬಳೇ ಹೋಗಬಹುದಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಹೋಗಿ ಮೇಡಂ. ಫೆಬ್ರವರಿಯಲ್ಲಿ ಹೋಗಿ.

ಅಲ್ಲಿ ಮಳೆ ಎರಡು ಸಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅದು ಮುಗಿಯಿತು ಅನ್ನುವಷ್ಟರಲ್ಲಿ ಹಿಂಗಾರು. ಡಿಸೆಂಬರ್ ಕೊನೆಗೆ ಕ್ರಿಸ್‌ಮಸ್ ರಜೆ, ಜನವೋ ಜನ, ರೂಮಿನ ಬಾಡಿಗೆ ಕೇಳಿದರೆ ಬಿಪಿ ಏರುತ್ತದೆ. ಫೆಬ್ರವರಿಗೆ ಮಳೆ ನಿಂತಿರುತ್ತದೆ, ಸಮುದ್ರವೂ ಹೆಚ್ಚಾಗಿ ಸುಮ್ಮನಿರುತ್ತದೆ. ಮಕ್ಕಳ ಪರೀಕ್ಷೆ ಹತ್ತಿರ ಬಂದಿರುವುದರಿಂದ ಸಂಸಾರ ಕಟ್ಟಿಕೊಂಡು ಬರುವವರೂ ಕಡಿಮೆ. ಆ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮಗ, ತಂಗಿ ಹೇಳಿದ್ದನ್ನು ಬೇಗ ಮುಗಿಸಿಬಿಡುತ್ತೇನೆ. ಮಾಲ್ಡೀವ್ಸ್‌ನಲ್ಲಿ ಹೆಚ್ಚಿನ ಕಡೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಸುತ್ತಲೂ ಹೊಸದಾಗಿ ಮದುವೆಯಾದವರು, ಮಧ್ಯದಲ್ಲಿ ನೀವೊಬ್ಬರೇ, ಲೆಕ್ಕವೆಲ್ಲ ಡಾಲರಿನಲ್ಲಿ. ಲಕ್ಷದ್ವೀಪ ಚಂದವೇ, ಆದರೆ ಮೊದಲೇ ಪರ್ಮಿಟ್ ಮಾಡಿಸಬೇಕು. ಕೊಚ್ಚಿಯಿಂದ ಹೋಗುವ ಹಡಗು ಎಷ್ಟೋ ಕಡೆ ದಡಕ್ಕೆ ಬರುವುದಿಲ್ಲ, ಆಳದಲ್ಲೇ ನಿಲ್ಲುತ್ತದೆ. ತೂಗಾಡುವ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ನಿಮ್ಮ ಮಂಡಿಗೆ ಅದು ಬೇಡ. ಅಂಡಮಾನಿನಲ್ಲಿ ಪ್ರವಾಸಿಗರು ಹೋಗುವ ದ್ವೀಪಗಳಿಗೆ ನಮಗೆ ಪರ್ಮಿಟ್ ಬೇಡ, ಆಧಾರ್ ಕಾರ್ಡ್ ಇದ್ದರೆ ಸಾಕು. ಬೆಂಗಳೂರಿನಿಂದ ನೇರ ವಿಮಾನ ಇದೆ, ಎರಡೂವರೆ ಗಂಟೆಯ ಪ್ರಯಾಣ. ತಿಪಟೂರಿನಿಂದ ಬೆಂಗಳೂರಿಗೆ ಬಂದು ಏರ್‌ಪೋರ್ಟ್ ಮುಟ್ಟುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಹೆಸರುಗಳು ಗಲಿಬಿಲಿ ಮಾಡುತ್ತವೆ, ಬರೆದಿಟ್ಟುಕೊಳ್ಳಿ. ನೀವು ಪಾಠ ಮಾಡಿದ ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ. ಇವೆರಡೂ ಬದಲಾದದ್ದು 2018ರ ಡಿಸೆಂಬರಿನಲ್ಲಿ. ಟಿಕೆಟ್ಟಿನಲ್ಲಿ ಒಂದು ಹೆಸರು ಇರುತ್ತದೆ, ಆಟೋದವರ ಬಾಯಲ್ಲಿ ಇನ್ನೊಂದು. ನಾನು ಹಳೆಯ ಹೆಸರಲ್ಲೇ ಬರೆಯುತ್ತೇನೆ, ಕೈಗೆ ಅದೇ ರೂಢಿ.

ಈಗ ಮುಖ್ಯ ವಿಷಯ. ಯಾರನ್ನು ಕೇಳಿದರೂ ನಿಮಗೊಂದು ಪ್ಯಾಕೇಜ್ ಕೊಡುತ್ತಾರೆ. ಐದು ರಾತ್ರಿ ಆರು ಹಗಲು, ದಿನಕ್ಕೊಂದು ದ್ವೀಪ, ಬೆಳಿಗ್ಗೆ ಐದಕ್ಕೇ ಎದ್ದು ಬ್ಯಾಗ್ ಕಟ್ಟುವುದು. ಅದು ಇಪ್ಪತ್ತೈದರವರಿಗೆ ಮಾಡಿದ್ದು. ನಾನು ಮೊದಲ ಸಲ ಹೋದಾಗ ನನಗೆ 64. ಅಂಥದ್ದೇ ಒಂದಕ್ಕೆ ದುಡ್ಡು ಕಟ್ಟಿದೆ. ನೀಲ್‌ನಿಂದ ಬೆಳಿಗ್ಗೆ ಬೋಟು, ಅವತ್ತೇ ಮಧ್ಯಾಹ್ನ ಪೋರ್ಟ್ ಬ್ಲೇರ್‌ನಿಂದ ವಿಮಾನ, ಹಾಗೆ ಹೆಣೆದುಕೊಟ್ಟಿದ್ದರು. ಬಸ್ಸಿನ ಲೆಕ್ಕದಲ್ಲಿ ನೋಡಿದರೆ ಬೇಕಾದಷ್ಟು ಟೈಮಿತ್ತು, ಮೂವತ್ತೊಂದು ವರ್ಷದ ಅನುಭವದವಳು ನಾನೂ ತಲೆ ಆಡಿಸಿದೆ. ಅವತ್ತು ಗಾಳಿ ಎದ್ದಿತು. ಜೆಟ್ಟಿಯಲ್ಲಿ ಒಬ್ಬ ಹುಡುಗ ಬಂದು ‘ಆಜ್ ಬೋಟ್ ಬಂದ್’ ಅಂದ, ಹೋದ. ಅಷ್ಟೇ. ಬಸ್ ಕೆಟ್ಟರೆ ಹಿಂದಿನ ಬಸ್ಸಿಗೆ ಹತ್ತಿಸಬಹುದು, ಸಮುದ್ರ ಕೆಟ್ಟರೆ ಯಾವ ಬೋಟೂ ಇಲ್ಲ. ವಿಮಾನ ತಪ್ಪಿತು, ಟಿಕೆಟ್ಟಿನ ಹಣ ಹೋಯಿತು, ಪ್ಯಾಕೇಜಿನವರು ಫೋನ್ ಎತ್ತಲಿಲ್ಲ.

ಅದಕ್ಕೇ ಹೇಳುವುದು, ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಸಾಧ್ಯವಾದರೆ ಎರಡು ರಾತ್ರಿ. ಉಳಿದದ್ದರಲ್ಲಿ ಏನು ಬದಲಾಯಿಸಿದರೂ ಇದೊಂದನ್ನು ಬದಲಾಯಿಸಬೇಡಿ.

ನಿಮಗೆ ನಾನು ಹಾಕುವ ಲೆಕ್ಕ ಹೀಗೆ. ಇಳಿದ ದಿನ ಪೋರ್ಟ್ ಬ್ಲೇರ್, ಎರಡು ರಾತ್ರಿ. ಆಮೇಲೆ ಹ್ಯಾವ್‌ಲಾಕ್, ಎರಡು ರಾತ್ರಿ. ಅಲ್ಲಿಂದ ನೀಲ್, ನಾಲ್ಕು ರಾತ್ರಿ. ಕೊನೆಗೆ ಪೋರ್ಟ್ ಬ್ಲೇರ್, ಒಂದು ಅಥವಾ ಎರಡು.

ನೀಲ್‌ಗೆ ನಾಲ್ಕು ಯಾಕೆ ಅಂತ ಏಜೆಂಟರು ನಗುತ್ತಾರೆ. ‘ಮೇಡಂ, ಅಲ್ಲಿ ನೋಡೋಕೆ ಅರ್ಧ ದಿನ ಸಾಕು’ ಅಂತಾರೆ. ನೋಡುವುದಕ್ಕೆ ಸಾಕು, ಇರುವುದಕ್ಕೆ ಸಾಲದು. ನೀವು ಬರೆದದ್ದು ‘ಇದ್ದು ಬರಬೇಕು’ ಅಂತ, ಅಲ್ವಾ? ನೀಲ್ ಪುಟ್ಟ ದ್ವೀಪ, ಸುಮಾರು ಹದಿನಾಲ್ಕು ಚದರ ಕಿಲೋಮೀಟರ್. ಹೆಚ್ಚಾಗಿ ಮಟ್ಟಸ ನೆಲ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳ ಊರು. ಅಕ್ಕಪಕ್ಕದ ದ್ವೀಪಗಳಿಗೆ ತರಕಾರಿ ಇಲ್ಲಿಂದಲೇ ಹೋಗುತ್ತದೆ. ಬದನೆ, ಹೀರೆ, ಬಾಳೆ, ತೆಂಗು, ಅಡಿಕೆ, ನಡುವೆ ಗದ್ದೆ. ನೀವು ಬೆಳಗಿನ ವಾಕಿಂಗ್ ಹೋದರೆ ತಿಪಟೂರಿನ ಪಕ್ಕದ ಹಳ್ಳಿಗೆ ಯಾರೋ ಸಮುದ್ರ ತಂದು ಇಟ್ಟ ಹಾಗೆ ಕಾಣುತ್ತದೆ. ಸೂರ್ಯ ಹುಟ್ಟುವುದನ್ನು ನೋಡಲು ಸೀತಾಪುರ, ಮುಳುಗುವುದನ್ನು ನೋಡಲು ಲಕ್ಷ್ಮಣಪುರ, ಎರಡಕ್ಕೂ ಆಟೋ ಸಿಗುತ್ತದೆ. ಮೂರನೇ ದಿನದ ಹೊತ್ತಿಗೆ ಆಟೋದವನು ನನ್ನನ್ನು ‘ಮಾಸಿ’ ಅಂತ ಕರೆಯುತ್ತಿದ್ದ. ಎಳನೀರಿನವಳು ದುಡ್ಡು ಆಮೇಲೆ ಕೊಡಿ ಅನ್ನುತ್ತಿದ್ದಳು. ಒಬ್ಬಳೇ ಹೋದವಳಿಗೆ ಕಾವಲು ಅಂದರೆ ಇದೇ. ದಿನಕ್ಕೊಂದು ಊರು ಬದಲಾಯಿಸಿದರೆ ಯಾರಿಗೂ ನಿಮ್ಮ ಮುಖ ನೆನಪಿರುವುದಿಲ್ಲ.

ಹ್ಯಾವ್‌ಲಾಕ್‌ನಲ್ಲಿ ರಾಧಾನಗರ ಬೀಚ್ ನೋಡಲೇಬೇಕು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತಿ ಚಂದದ ಬೀಚ್ ಅಂತ ಕರೆದದ್ದು ಇದನ್ನೇ. ದೊಡ್ಡ ದೊಡ್ಡ ಮರಗಳ ಕಾಡು ದಾಟಿದ ತಕ್ಷಣ ಹಿಟ್ಟಿನಂಥ ಬಿಳಿ ಮರಳು. ಆದರೆ ಮಧ್ಯಾಹ್ನ ಮೂರೂವರೆಗೇ ಹೋಗಿ ಕೂತುಬಿಡಿ. ಭೂಗೋಳದ ಟೀಚರಿಗೆ ನಾನು ಹೇಳಬೇಕಾ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ತಿಪಟೂರಿಗಿಂತ ಅಂಡಮಾನ್ ಹದಿನಾರು ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಹಾಗಾಗಿ ಫೆಬ್ರವರಿಯಲ್ಲಿ ಸಾಯಂಕಾಲ ಐದೂವರೆಗೆಲ್ಲ ಸೂರ್ಯ ಇಳಿದಿರುತ್ತಾನೆ. ಆರಕ್ಕೆ ಕತ್ತಲು. ಬಂದ ಆಟೋವನ್ನೇ ವಾಪಸ್‌ಗೂ ಮಾತಾಡಿಕೊಂಡು ನಿಲ್ಲಿಸಿಕೊಳ್ಳಿ. ಇನ್ನೊಂದು, ಸಂಜೆ ಹೊತ್ತು ಮರಳಿನಲ್ಲಿ ಕಣ್ಣಿಗೆ ಕಾಣದ ನೊಣ ಕಚ್ಚುತ್ತದೆ, ಸ್ಯಾಂಡ್ ಫ್ಲೈ ಅಂತಾರೆ. ಕಚ್ಚಿದಾಗ ಗೊತ್ತೇ ಆಗಲಿಲ್ಲ, ಊರಿಗೆ ಬಂದ ಮೇಲೂ ಎರಡು ವಾರ ಕೆರೆದುಕೊಂಡೆ. ಎರಡನೇ ಸಲ ಹೋದಾಗ ಹೋಟೆಲಿನ ಹೆಂಗಸು ‘ಕಾಲಿಗೆ ತೆಂಗಿನೆಣ್ಣೆ ಬಳಿದುಕೊಳ್ಳಿ’ ಅಂದಳು. ಆ ಸಲ ಕಡಿಮೆ ಕಚ್ಚಿತು. ನಿಮ್ಮ ಮನೆಯಲ್ಲಿ ಎಣ್ಣೆಗೇನು ಬರ.

ಎಣ್ಣೆ ಅಂದಾಗ ನೆನಪಾಯಿತು. ಇಡೀ ಒಣ ಕೊಬ್ಬರಿಯನ್ನು ವಿಮಾನದ ಲಗೇಜಿಗೆ ಹಾಕಬೇಡಿ. ಎಣ್ಣೆ ಅಂಶ ಇರುವುದರಿಂದ ಬೆಂಕಿಯ ಭಯ ಅಂತ ತೆಗೆಸುತ್ತಾರೆ. ತಿಪಟೂರಿನವರು ಎಲ್ಲಿಗೆ ಹೋದರೂ ನಾಲ್ಕು ಗಿಟುಕು ಇಟ್ಟುಕೊಳ್ಳುತ್ತಾರೆ ಅಂತ ಗೊತ್ತು, ಅದಕ್ಕೆ ಹೇಳಿದೆ.

ಬೋಟು ಹತ್ತುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಂಡಿಯ ಪರೀಕ್ಷೆ ಇರುವುದು ಅಲ್ಲೇ. ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕಂತೆ ಬೋಟು ಜೆಟ್ಟಿಗಿಂತ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇರುತ್ತದೆ. ನಡುವೆ ಒಂದು ಹಲಗೆ. ಹಲಗೆಗೆ ಅಡ್ಡಪಟ್ಟಿ ಹೊಡೆದಿರುತ್ತಾರೆ, ಆದರೂ ಒದ್ದೆ ಇರುತ್ತದೆ, ಕಾಲಡಿ ಉಸಿರಾಡಿದ ಹಾಗೆ ಏರಿ ಇಳಿಯುತ್ತದೆ. ಆ ತುದಿಯಲ್ಲಿ ಒಬ್ಬ ಕೈ ಚಾಚಿ ನಿಂತಿರುತ್ತಾನೆ. ನಾವು ಮಾಡುವ ತಪ್ಪು ಅಂದರೆ ಒಂದು ಕೈಯಲ್ಲಿ ಬ್ಯಾಗ್, ಇನ್ನೊಂದು ಕೈಯಲ್ಲಿ ಸೆರಗು. ಬ್ಯಾಗನ್ನು ಮೊದಲೇ ಅವನಿಗೆ ದಾಟಿಸಿ. ಅವನ ಬೆರಳು ಹಿಡಿಯಬೇಡಿ, ಬೆವರಿಗೆ ಜಾರುತ್ತದೆ, ಮಣಿಕಟ್ಟು ಹಿಡಿಯಿರಿ. ಬೋಟು ಮೇಲೆದ್ದು ಒಂದು ಕ್ಷಣ ನಿಲ್ಲುತ್ತದೆ, ಅವನೇ ‘ಆಯಿಯೇ’ ಅಂತಾನೆ, ಆಗ ಹೆಜ್ಜೆ ಇಡಿ. ಹಿಂದಿನವರು ಗೊಣಗಿದರೆ ಗೊಣಗಲಿ. ಸೀರೆಗಿಂತ ಚೂಡಿದಾರ್ ವಾಸಿ, ಹವಾಯಿ ಚಪ್ಪಲಿಗಿಂತ ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ವಾಸಿ.

ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಬೋಟಿನಲ್ಲಿ ಒಂದೂವರೆ ಗಂಟೆ. ಒಂದು ಕಡೆಗೆ ಹೆಚ್ಚುಕಡಿಮೆ 1,200ರಿಂದ 2,000 ರೂಪಾಯಿ. ಸರ್ಕಾರಿ ಬೋಟು ಅದಕ್ಕಿಂತ ತುಂಬಾ ಅಗ್ಗ, ನಿಧಾನ, ಮೇಲೆ ನಿಂತು ಗಾಳಿ ಕುಡಿಯಬಹುದು. ನನಗೆ ಅದೇ ಇಷ್ಟ, ಆದರೆ ಟಿಕೆಟ್ ಸಿಗುವುದು ಕಷ್ಟ. ಮೊದಲ ಸಲ ನೀವು ಖಾಸಗಿಯದ್ದನ್ನೇ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ, ಎರಡು ಇಡ್ಲಿ ತಿಂದು ಹತ್ತಿ. ವಾಂತಿ ಮಾತ್ರೆಯನ್ನು ಪಕ್ಕದ ಸೀಟಿನವರು ಕೊಟ್ಟರು ಅಂತ ನುಂಗಬೇಡಿ. ಅದರಲ್ಲಿ ಕೆಲವು ನಮ್ಮ ವಯಸ್ಸಿನವರಿಗೆ ಜಾಸ್ತಿ ನಿದ್ದೆ, ತಲೆಸುತ್ತು ತರುತ್ತವೆ. ಹಲಗೆ ಇಳಿಯುವಾಗ ತಲೆ ಸುತ್ತಿದರೆ ಏನು ಗತಿ? ಬಿಪಿ ಮಾತ್ರೆಯ ಚೀಟಿ ತೋರಿಸಿ ನಿಮ್ಮ ಡಾಕ್ಟರನ್ನೇ ಕೇಳಿ. ಮಾತ್ರೆಗಳನ್ನು ಐದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಚೆಕ್-ಇನ್ ಬ್ಯಾಗಿನಲ್ಲಿ ಬೇಡ, ಕೈಚೀಲದಲ್ಲಿ.

ದೊಡ್ಡ ಸರ್ಕಾರಿ ಆಸ್ಪತ್ರೆ ಇರುವುದು ಪೋರ್ಟ್ ಬ್ಲೇರ್‌ನಲ್ಲಿ, ಜಿ.ಬಿ. ಪಂತ್ ಆಸ್ಪತ್ರೆ. ಸೆಲ್ಯುಲರ್ ಜೈಲು ನೋಡಲು ಹೋದಾಗ ಅದೂ ಕಾಣುತ್ತದೆ. 1906ರಲ್ಲಿ ಕಟ್ಟಿ ಮುಗಿಸಿದಾಗ ಜೈಲಿಗೆ ಏಳು ರೆಕ್ಕೆ ಇದ್ದವು, ಈಗ ಮೂರೇ. ಉಳಿದವನ್ನು ಕೆಡವಿದ ಆ ಆವರಣದಲ್ಲೇ ಆಸ್ಪತ್ರೆ ಎದ್ದಿದೆ. ನಾನು ಜೈಲಿನ ಮೇಲಿನ ಮಹಡಿಯಿಂದ ನೋಡಿದಾಗ ಕೆಳಗೆ ಯಾರೋ ಟಿಫನ್ ಕ್ಯಾರಿಯರ್ ಹಿಡಿದು ರೋಗಿ ನೋಡಲು ಓಡುತ್ತಿದ್ದರು. ಒಂಟಿ ಕೋಣೆಗಳಿಗಿಂತ ಆ ದೃಶ್ಯವೇ ನನ್ನ ತಲೆಯಲ್ಲಿ ಉಳಿದಿದೆ. ಮೆಟ್ಟಿಲು ಕಷ್ಟವಾದರೆ ಮೇಲೆ ಹತ್ತಬೇಡಿ, ಸಂಜೆಯ ಧ್ವನಿ–ಬೆಳಕು ಕಾರ್ಯಕ್ರಮವನ್ನು ಕೂತೇ ನೋಡಬಹುದು.

ರೂಮಿನ ವಿಷಯ. ಒಬ್ಬರೇ ಇದ್ದರೂ ಇಬ್ಬರ ದುಡ್ಡು ಕೊಡಬೇಕು, ಇದು ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಸಂಗತಿ. ಬಸ್ಸಿನಲ್ಲಿ ಒಬ್ಬರಿಗೆ ಎರಡು ಸೀಟಿನ ಟಿಕೆಟ್ ಹರಿದಿದ್ದರೆ ನನ್ನನ್ನು ಸಸ್ಪೆಂಡ್ ಮಾಡುತ್ತಿದ್ದರು. ಫೋನಿನಲ್ಲಿ ಕೇಳಿ, ನಾಲ್ಕು ರಾತ್ರಿ ಅಂದರೆ ಸ್ವಲ್ಪ ಇಳಿಸುತ್ತಾರೆ. ಬುಕ್ ಮಾಡುವ ಮೊದಲು ಮೂರು ಮಾತು ಕೇಳಿ: ನೆಲಮಟ್ಟದ ರೂಮಾ, ಕಮೋಡ್ ಇದೆಯಾ, ರಸ್ತೆಯಿಂದ ರೂಮಿಗೆ ಎಷ್ಟು ಮೆಟ್ಟಿಲು. ಫೋಟೋದಲ್ಲಿ ಮುದ್ದಾಗಿ ಕಾಣುವ ಬಿದಿರಿನ ಕಾಟೇಜು ಎಷ್ಟೋ ಸಲ ಕಂಬದ ಮೇಲೆ ನಿಂತಿರುತ್ತದೆ, ಹತ್ತುವುದು ಅಟ್ಟ ಹತ್ತಿದ ಹಾಗೆ. ಬಚ್ಚಲಿನ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಅನ್ನಿ. ನಾಚಿಕೆ ಬೇಡ, ಜಾರಿ ಬೀಳುವವರು ನಾವು.

ಊಟಕ್ಕೆ ಚಿಂತೆ ಇಲ್ಲ. ಪೋರ್ಟ್ ಬ್ಲೇರ್‌ನಲ್ಲಿ ತಮಿಳರು, ತೆಲುಗರು ಬೇಕಾದಷ್ಟು. ಅಬರ್ಡೀನ್ ಬಜಾರಿನ ಸುತ್ತ ಇಡ್ಲಿ ದೋಸೆ ಸಿಗುತ್ತದೆ. ದ್ವೀಪಗಳಲ್ಲಿ ಅನ್ನ, ಬೇಳೆ, ಪಲ್ಯ, ರೊಟ್ಟಿ. ‘ಮಛಲಿ ಭೀ ನಹೀ’ ಅಂತ ಬಿಡಿಸಿ ಹೇಳಿ, ಬಂಗಾಳಿಗಳಲ್ಲಿ ಎಷ್ಟೋ ಜನ ಮೀನನ್ನು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ ಇಟ್ಟುಕೊಂಡರೆ ಬೋಟು ತಪ್ಪಿದ ರಾತ್ರಿಗೆ ಆಯಿತು.

ಬೇಡ ಅನ್ನುವುದೂ ಒಂದೆರಡು ಇವೆ. ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗೆ ನಸುಕಿನಲ್ಲೇ ಹೊರಟು, ಜಾರವಾ ಜನರ ಮೀಸಲು ಕಾಡಿನ ನಡುವೆ ಸಾಲುಗಟ್ಟಿದ ವಾಹನಗಳ ಜೊತೆ ಹೋಗಿ, ದೋಣಿ ಹತ್ತಿ, ಆಮೇಲೆ ನಡೆಯಬೇಕು. ಬಿಡಿ. ಕಾಡಿನ ಜನರನ್ನು ಕಿಟಕಿಯಿಂದ ಇಣುಕುವ ಆ ದಾರಿ ನನಗೆ ಮೊದಲಿಂದಲೂ ಹಿಡಿಸುವುದಿಲ್ಲ. ನೀಲ್‌ನ ಕಲ್ಲಿನ ಕಮಾನಿಗೆ ಇಳಿತದ ಹೊತ್ತಿನಲ್ಲಿ ಮಾತ್ರ ಹೋಗಲು ಆಗುವುದು, ಅದೂ ಪಾಚಿ ಕಟ್ಟಿದ ಬಂಡೆಗಳ ಮೇಲೆ. ಅದನ್ನೂ ಬಿಡಿ. ಹವಳ ನೋಡಬೇಕು ಅನ್ನಿಸಿದರೆ ನೀಲ್‌ನಲ್ಲೇ ಇರುವ ಭರತ್‌ಪುರ ಬೀಚಿನಲ್ಲಿ ತಳಕ್ಕೆ ಗಾಜು ಹಾಕಿದ ದೋಣಿ ಇದೆ. ಚಿಪ್ಪು, ಹವಳದ ಚೂರು ಆರಿಸಿ ತರಬೇಡಿ, ಕಾನೂನು ಬಿಡುವುದಿಲ್ಲ.

ಈಜು ಬರದಿದ್ದರೆ ಏನಂತೆ. ಭರತ್‌ಪುರದಲ್ಲಿ ನೀರು ಬಹಳ ದೂರದವರೆಗೆ ಮೊಣಕಾಲು ಮಟ್ಟ. ನಾಲ್ಕು ಜನ ಇರುವ ಕಡೆ ನೋಡಿ, ಕಾಲಿಗೆ ಸ್ಯಾಂಡಲ್ ಹಾಕಿಕೊಂಡೇ ಇಳಿದು, ಬಚ್ಚಲಲ್ಲಿ ಕೂತ ಹಾಗೆ ಕೂತುಬಿಡಿ. ನೀರು ಬೆಚ್ಚಗಿರುತ್ತದೆ. ಬೆರಳುದ್ದದ ಮೀನು ಬಂದು ಕಾಲುಂಗುರ ಕಚ್ಚಿ ನೋಡುತ್ತದೆ. ನಾನು ಒಂದು ಬೆಳಿಗ್ಗೆ ಎರಡು ಗಂಟೆ ಹಾಗೇ ಕೂತಿದ್ದೆ, ಎದ್ದಾಗ ಬೆರಳೆಲ್ಲ ಒಣದ್ರಾಕ್ಷಿ. ಆದರೆ ಎಲ್ಲಾದರೂ ಮೊಸಳೆ ಎಚ್ಚರಿಕೆಯ ಬೋರ್ಡ್ ಕಂಡರೆ ಅದು ತಮಾಷೆಗೆ ಹಾಕಿದ್ದಲ್ಲ, ಅಲ್ಲಿ ಪಾದವನ್ನೂ ಇಡಬೇಡಿ.

ಯಜಮಾನರಿಗೆ ಒಂದು ಚೀಟಿ ಬರೆದಿಟ್ಟು ಹೋಗಿ: ಯಾವ ದಿನ ಯಾವ ಹೋಟೆಲು, ಅಲ್ಲಿಯ ಫೋನ್ ನಂಬರು. ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇನೆ, ಮಾಡದಿದ್ದರೆ ನೆಟ್‌ವರ್ಕ್ ಇಲ್ಲ ಅಂತ ತಿಳಿಯಿರಿ, ಬೆಳಿಗ್ಗೆವರೆಗೆ ಕಾಯಿರಿ ಅಂತ ಒಪ್ಪಂದ ಮಾಡಿಕೊಳ್ಳಿ. ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಬೇಡಿ, ಪಂಪ್‌ಸೆಟ್ ಸ್ಟಾರ್ಟರ್ ಪಕ್ಕ ಅಂಟಿಸಿ. ಅವರು ದಿನಾ ನೋಡುವುದು ಅಲ್ಲಿ.

ಪ್ರಶ್ನೆ: ನನಗೆ 73. ವಿಮಾನ ಹತ್ತಿದರೆ ಕಿವಿ ಸಿಡಿಯುತ್ತದೆ. ಚೆನ್ನೈನಿಂದ ಹಡಗಿನಲ್ಲಿ ಅಂಡಮಾನ್‌ಗೆ ಒಬ್ಬನೇ ಹೋಗಬೇಕೆಂದಿದ್ದೇನೆ. ಸರಿಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹೋಗಬಹುದು ಸರ್, ತಾಳ್ಮೆ ಇದ್ದರೆ. ಸುಮಾರು 1,200 ಕಿಲೋಮೀಟರ್, ಹತ್ತಿರಹತ್ತಿರ ಮೂರು ದಿನ. ಹಡಗು ದಿನಾ ಇರುವುದಿಲ್ಲ, ತಿಂಗಳಿಗೆ ಕೆಲವೇ ಸಲ. ಹೊರಡುವ ದಿನಾಂಕವೂ ಮುಂದೆ ಹಿಂದೆ ಆಗುತ್ತದೆ, ಹಾಗಾಗಿ ವಾಪಸ್ ಬರಬೇಕಾದ ಮದುವೆ, ತಿಥಿ ಏನೂ ಇಟ್ಟುಕೊಳ್ಳಬೇಡಿ. ಬಂಕ್ ಕ್ಲಾಸ್ ಅಗ್ಗ, ಆದರೆ ಅದು ದೊಡ್ಡ ಹಾಲಿನಲ್ಲಿ ಮೇಲೊಂದು ಕೆಳಗೊಂದು ಮಂಚ, ಕಕ್ಕಸಿಗೆ ಎಲ್ಲರ ಜೊತೆ ಕ್ಯೂ. ಈ ವಯಸ್ಸಿಗೆ ಕ್ಯಾಬಿನ್ನೇ ಮಾಡಿಸಿ, ಕೆಳಗಿನ ಬರ್ತ್ ಕೇಳಿ. ಮಿರ್ಚಿ ಭಜಿಗೆ ಮೂರು ದಿನ ರಜೆ. ಅಷ್ಟರೊಳಗೆ ಒಮ್ಮೆ ಕಿವಿ ಡಾಕ್ಟರಿಗೂ ತೋರಿಸಿಬಿಡಿ, ವಿಮಾನದಲ್ಲಿ ಬರಲು ಅವರು ಒಪ್ಪಿದರೆ ಹೋಗುವಾಗ ಹಡಗು, ಬರುವಾಗ ವಿಮಾನ ಮಾಡಬಹುದು. ಹೋಗುವಾಗಿನ ಹುಮ್ಮಸ್ಸು ಬರುವಾಗ ಇರುವುದಿಲ್ಲ.

ಪ್ರಶ್ನೆ: ನಮ್ಮ ಅಮ್ಮನಿಗೆ 70, ಒಬ್ಬರೇ ಅಂಡಮಾನ್‌ಗೆ ಹೊರಟಿದ್ದಾರೆ. ಅವರ ಫೋನಿನ ಲೊಕೇಶನ್ ನನ್ನ ಫೋನಿನಲ್ಲಿ ದಿನವಿಡೀ ಕಾಣುವ ಹಾಗೆ ಮಾಡಿದರೆ ಸಾಕಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಮ್ಮನನ್ನು ಕೇಳಿ ಮಾಡಿ, ಕೇಳದೆ ಮಾಡಬೇಡಿ. ಮಾಡಿದರೂ ಅದನ್ನೇ ನೋಡುತ್ತಾ ಕೂರಬೇಡಿ. ಚೆನ್ನೈನಿಂದ ಪೋರ್ಟ್ ಬ್ಲೇರ್ ಮತ್ತು ಬೇರೆ ಕೆಲವು ದ್ವೀಪಗಳಿಗೆ ಸಮುದ್ರದಡಿ ಒಟ್ಟು ಸುಮಾರು 2,300 ಕಿಲೋಮೀಟರ್ ಕೇಬಲ್ ಹಾಕಿ 2020ರಲ್ಲಿ ಇಂಟರ್ನೆಟ್ ತಂದ ಮೇಲೆ ಪೋರ್ಟ್ ಬ್ಲೇರ್‌ನಲ್ಲಿ ಪರವಾಗಿಲ್ಲ. ಬೋಟಿನಲ್ಲಿ, ಸಣ್ಣ ದ್ವೀಪಗಳಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ನನ್ನ ಮಗಳೂ ಹೀಗೇ ಮಾಡಿದ್ದಳು. ಬೋಟು ನಡುನೀರಿನಲ್ಲಿ ಇರುವಾಗ ಸಿಗ್ನಲ್ ಹೋಯಿತು. ಅವಳ ಫೋನಿನಲ್ಲಿ ಅಮ್ಮನ ಚುಕ್ಕೆ ಮಧ್ಯಾಹ್ನ ಎರಡರಿಂದ ಐದರವರೆಗೆ ಸಮುದ್ರದ ಮಧ್ಯೆ ಅಲ್ಲಾಡದೆ ನಿಂತಿತ್ತು. ಅವಳು ಅತ್ತು, ಅಳಿಯನನ್ನು ಆಫೀಸಿನಿಂದ ಕರೆಸಿ, ಹೋಟೆಲಿಗೆ ಫೋನ್ ಮಾಡಿಸಿ, ಹೋಟೆಲಿನ ಹುಡುಗ ಸ್ಕೂಟರಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಾಗ ನಾನು ನೀಲ್ ಜೆಟ್ಟಿಯ ಎದುರಿನ ಅಂಗಡಿಯಲ್ಲಿ ಕೂತು ಎರಡನೇ ಪ್ಲೇಟ್ ಪೂರಿ ತಿನ್ನುತ್ತಿದ್ದೆ.